‘ಕ್ರಾಸ್’ ಶಬ್ದದ ಕನ್ನಡ ಪ್ರಯೋಗಗಳು: ಒಂದು ಅರ್ಥವಿಮರ್ಶೆ

1

ಅನ್ಯದೇಶ್ಯ ಶಬ್ದಗಳನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆಯಲ್ಲಿ ಬಹುಭಾಗ ಅವುಗಳ ಹುಟ್ಟಿಗೆ ಸಂಬಂಧಿಸಿದ್ದು. ಅವು ಕನ್ನಡಕ್ಕೆ ಬಂದ ಮೇಲೆ ಹೇಗೆ ಬಾಳಿದುವು ಎಂಬ ವಿಚಾರಕ್ಕೆ ಅಷ್ಟು ಗಮನ ಸಲ್ಲುವುದಿಲ್ಲ. ಶಬ್ದವು ಯಾವ ಭಾಷೆಯಿಂದ ಬಂದಿತು, ಯಾವ ಧ್ವನಿವ್ಯತ್ಯಾಸವನ್ನು ಹೊಂದಿತು ಎಂಬುದನ್ನು ಹೇಳಿ ವಿಚಾರವನ್ನು ಮುಗಿಸುವುದು ವಾಡಿಕೆ. ಆದರೆ ಶಬ್ದಕ್ಕೆ ಬೆಲೆ ಬರುವುದು ಅದರ ಕುಲದಿಂದಲ್ಲ, ಅದು ಮಾಡುವ ಕೆಲಸದಿಂದ. ಈ ಮಾತನ್ನು ಒಂದು ಸಣ್ಣ ಉದಾಹರಣೆಯಿಂದ ಪರೀಕ್ಷಿಸಿ ನೋಡುವುದು ನಮ್ಮ ಉದ್ದೇಶ. ನಾವು ಆರಿಸಿಕೊಂಡಿರುವ ಶಬ್ದ ‘ಕ್ರಾಸ್’. ನಮ್ಮ ಕ್ಷೇತ್ರ ಮುಖ್ಯವಾಗಿ ಬೆಂಗಳೂರಿನ ಉತ್ತರಭಾಗ, ಎಂದರೆ ಯಶವಂತಪುರ, ಹೆಬ್ಬಾಳ, ರವೀಂದ್ರನಾಥ ಟಾಗೋರ್ ನಗರ, ಯಲಹಂಕಗಳ ಕಡೆಯ ಬೀದಿಗಳು ಮತ್ತು ಹೆದ್ದಾರಿಗಳು.

ವಿದ್ಯಾರ್ಥಿಯ ಪ್ರಬಂಧದಲ್ಲಿ ‘ಕ್ರಾಸ್’ ಎಂಬ ಮಾತು ಬಂದರೆ ಅಧ್ಯಾಪಕರು ಅದರ ಮೇಲೆ ಗೆರೆ ಎಳೆದು ‘ಅಡ್ಡರಸ್ತೆ’ ಎಂದು ತಿದ್ದುವುದುಂಟು. ಈ ತಿದ್ದುಪಡಿ ಕೆಲವೆಡೆ ಸರಿ, ಕೆಲವೆಡೆ ತಪ್ಪು, ಕೆಲವೆಡೆ ಅನಾವಶ್ಯಕ. ಎಲ್ಲಿ ಯಾವುದು ಎಂಬುದನ್ನು ಬಲ್ಲವರು ಮಾತ್ರ ತಿದ್ದುವ ಅಧಿಕಾರವುಳ್ಳವರು. ಆ ವಿವೇಕವನ್ನು ನಿಘಂಟು ಕೊಡುತ್ತದೆಯೆ ಎಂದರೆ ಸಾಮಾನ್ಯವಾಗಿ ಇಲ್ಲವೆಂದೇ ಹೇಳಬೇಕಾಗಿದೆ. ದ್ವಿಭಾಷಾ ನಿಘಂಟುಗಳ ರೂಢಿಯಲ್ಲಿ ಇಂಗ್ಲಿಷಿನ ಶಬ್ದವೊಂದರ ಮುಂದೆ ಕನ್ನಡದ ಐದಾರು ಸಮಾನಪದಗಳನ್ನು ಅಲ್ಪವಿರಾಮದಿಂದ ಪೋಣಿಸಿರುತ್ತದೆ. ಯಾವ ಅರ್ಥಕ್ಕೆ ಯಾವುದು ಸಲ್ಲುತ್ತದೆ, ಯಾವುದು ಬಾಯಲ್ಲಿ ಬದುಕಿದೆ, ಯಾವುದು ಫಲಕದ ಮೇಲೆ ಮಾತ್ರ ನಿಂತಿದೆ ಎಂಬುದು ಅಲ್ಲಿ ತಿಳಿಯದು. ಅದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ.

2

ಮೊದಲು ಇಂಗ್ಲಿಷಿನ ಸಂಗತಿಯನ್ನೇ ನೋಡೋಣ. ಈ ಶಬ್ದವು ಇಂಗ್ಲಿಷಿಗೂ ಎರವಲಾಗಿ ಬಂದದ್ದು. ಕ್ರೈಸ್ತರ ಪವಿತ್ರಚಿಹ್ನೆಗೆ ಹಳೆಯ ಇಂಗ್ಲಿಷಿನಲ್ಲಿ ‘ರೂಡ್’ ಎಂಬುದರ ಪೂರ್ವರೂಪವು ಬಳಕೆಯಲ್ಲಿತ್ತು. ಲ್ಯಾಟಿನ್ನಿನ ‘ಕ್ರುಕ್ಸ್’ ಎಂಬುದು ಐರಿಷ್ ಮತ್ತು ನಾರ್ಸ್ ಭಾಷೆಗಳ ಮೂಲಕ ‘ಕ್ರಾಸ್’ ಆಗಿ ಬಂದು ಆ ದೇಶೀಯ ಶಬ್ದವನ್ನು ಮೂಲೆಗೆ ಸರಿಸಿತು. ಇಂದು ‘ರೂಡ್’ ಉಳಿದಿರುವುದು ಚರ್ಚಿನ ಶಿಲ್ಪಕ್ಕೆ ಸಂಬಂಧಿಸಿದ ಒಂದೆರಡು ಮಾತುಗಳಲ್ಲಿ, ಮತ್ತು ಎಕರೆಯ ನಾಲ್ಕನೆಯ ಒಂದು ಭಾಗವನ್ನು ಸೂಚಿಸುವ ಹಳೆಯ ಭೂಮಾಪನದಲ್ಲಿ. ಗೆದ್ದ ಶಬ್ದ ಮಾತ್ರ ಕವಲೊಡೆದು ಬೆಳೆಯಿತು. ಚಿಹ್ನೆಯಿಂದ ಆ ಆಕಾರದ ಗುರುತು, ಗುರುತಿನಿಂದ ಅಡ್ಡವಾಗಿ ಹಾಯುವ ಕ್ರಿಯೆ, ಕ್ರಿಯೆಯಿಂದ ದಾಟುವುದು, ಅಡ್ಡವಾಗಿರುವುದರಿಂದ ವಿರೋಧ, ವಿರೋಧದಿಂದ ಸಿಡುಕು, ಎರಡು ತಳಿಗಳನ್ನು ಕೂಡಿಸುವುದು, ಸಾಕ್ಷಿಯನ್ನು ಎದುರು ಪಕ್ಷದವರು ಪ್ರಶ್ನಿಸುವುದು, ಹೀಗೆ ಅದರ ಅರ್ಥಗಳು ಒಂದರಿಂದ ಒಂದು ಹುಟ್ಟಿಕೊಂಡುವು.

ಇಷ್ಟು ಅರ್ಥಗಳಲ್ಲಿ ಕನ್ನಡವು ತೆಗೆದುಕೊಂಡದ್ದು ಎಷ್ಟು? ಇಂಗ್ಲಿಷಿನಲ್ಲಿ ಮೂಲವೂ ಮುಖ್ಯವೂ ಆದ ಅರ್ಥವನ್ನೇ ಕನ್ನಡವು ತೆಗೆದುಕೊಳ್ಳಲಿಲ್ಲ ಎಂಬುದು ಇಲ್ಲಿ ಮೊದಲು ಗಮನಿಸತಕ್ಕ ಅಂಶ. ಕ್ರೈಸ್ತರ ಚಿಹ್ನೆಗೆ ನಮ್ಮಲ್ಲಿ ‘ಶಿಲುಬೆ’ ಎಂಬ ಶಬ್ದವಿದೆ. ಅದು ಸಿರಿಯಾಕ್ ಭಾಷೆಯ ಮೂಲದಿಂದ ದಕ್ಷಿಣ ಭಾರತಕ್ಕೆ ಬಂದು ತಮಿಳು ಮಲಯಾಳಗಳಲ್ಲಿಯೂ ರೂಪಾಂತರಗೊಂಡು ನೆಲೆಸಿದೆ. ಕನ್ನಡ ಬೈಬಲ್ಲಿನಲ್ಲಿ ಬಳಕೆಯಾಗಿರುವುದೂ ಅದೇ. ಶಿಲುಬೆಯಿದ್ದುದರಿಂದ ಆ ಅರ್ಥದ ‘ಕ್ರಾಸ್’ ಕನ್ನಡದೊಳಕ್ಕೆ ಬರಲು ಎಡೆಯಿರಲಿಲ್ಲ. 1920ರಲ್ಲಿ ಸ್ಥಾಪಿತವಾದ ಭಾರತೀಯ ರೆಡ್ ಕ್ರಾಸ್ ಸಂಸ್ಥೆಯ ಹೆಸರಿನಲ್ಲಿ ಅದು ಇದೆಯಾದರೂ ಅದು ಅಂಕಿತನಾಮ; ಅದನ್ನು ಬಿಡಿಸಿ ಅರ್ಥಮಾಡುವವರು ವಿರಳ. ಸಿಡುಕಿನ ಅರ್ಥವೂ ನಮಗೆ ಬೇಕಾಗಲಿಲ್ಲ. ಮುನಿಸು, ಸಿಡುಕು, ಕೋಪಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಎಂದಮೇಲೆ ಭಾಷೆಯು ಎರವಲು ತರುವಾಗ ಕಣ್ಣುಮುಚ್ಚಿಕೊಂಡು ತರುವುದಿಲ್ಲ. ತನ್ನಲ್ಲಿ ಇಲ್ಲದ್ದನ್ನು, ಅಥವಾ ಇದ್ದೂ ಸಾಲದ್ದನ್ನು, ಆರಿಸಿ ತರುತ್ತದೆ.

3

ಕನ್ನಡದಲ್ಲಿ ಈ ಶಬ್ದಕ್ಕೆ ಇರುವ ಪ್ರಧಾನವಾದ ಅರ್ಥಗಳು ಎರಡು. ಎರಡೂ ಸ್ಥಳಕ್ಕೆ ಸಂಬಂಧಿಸಿದುವು. ಅವುಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯಕ.

ಮೊದಲನೆಯದು ಬಡಾವಣೆಯ ‘ಕ್ರಾಸ್’. ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆನ್ನುವ ಪೇಟೆಯಲ್ಲಿ ಬೀದಿಗಳಿಗೆ ಸಂಖ್ಯೆಗಳಿರಲಿಲ್ಲ. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ತಿಗಳರಪೇಟೆ, ನಗರ್ತಪೇಟೆ ಎಂದು ಸರಕಿನಿಂದ ಅಥವಾ ಜನರಿಂದ ಹೆಸರುಗಳಿದ್ದುವು. ನಾಲ್ಕು ನೇಗಿಲುಗಳನ್ನು ನಾಲ್ಕು ದಿಕ್ಕಿಗೆ ಹೂಡಿಸಿ ಮುಖ್ಯಬೀದಿಗಳನ್ನು ಗುರುತಿಸಿದರೆಂಬ ಐತಿಹ್ಯವುಳ್ಳ ಊರಿನಲ್ಲಿ ಅಡ್ಡ-ಉದ್ದಗಳ ಕಲ್ಪನೆ ಹೊಸದೇನೂ ಅಲ್ಲ. ಹೊಸದಾಗಿ ಬಂದುದು ಎಣಿಕೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ಯೋಜಿತವಾದುವು. 1898ರ ಪ್ಲೇಗಿನ ತರುವಾಯ ಅವು ಜನರಿಂದ ತುಂಬಿದುವು. ಮಲ್ಲೇಶ್ವರದಲ್ಲಿ ಉದ್ದಬೀದಿಗಳಿಗೆ ಸಂಪಿಗೆ ಮೊದಲಾದ ಮರಗಳ ಹೆಸರುಗಳು ಬಂದರೆ ಅಡ್ಡಬೀದಿಗಳಿಗೆ ಸಂಖ್ಯೆಗಳು ಮಾತ್ರ ದೊರೆತುವು. ಅಲ್ಲಿಂದ ಉತ್ತರಕ್ಕೆ ನಗರವು ಬೆಳೆದ ಹಾಗೆಲ್ಲ ಈ ಕ್ರಮವೂ ಬೆಳೆಯಿತು. ಬಟ್ಟೆಗೆ ಹಾಸುಹೊಕ್ಕುಗಳು ಹೇಗೋ ಬಡಾವಣೆಗೆ ‘ಮೇನ್’ ಮತ್ತು ‘ಕ್ರಾಸ್’ ಹಾಗೆ ಆದುವು.

ಈ ಪ್ರಯೋಗದಲ್ಲಿ ವ್ಯಾಕರಣದ ಒಂದು ಸ್ವಾರಸ್ಯವಿದೆ. ಮೂಲದ ಮಾತು ‘ಕ್ರಾಸ್ ರೋಡ್’. ಅದರಲ್ಲಿ ‘ಕ್ರಾಸ್’ ವಿಶೇಷಣ. ಬೆಂಗಳೂರಿನ ಬಾಯಲ್ಲಿ ವಿಶೇಷ್ಯ ಬಿದ್ದುಹೋಗಿ ವಿಶೇಷಣವೇ ನಾಮಪದವಾಗಿದೆ. ಚೆನ್ನೈಯಲ್ಲಿ ಹೀಗಾಗಲಿಲ್ಲ, ಅಲ್ಲಿ ಇಂಗ್ಲಿಷಿನಲ್ಲಿ ‘ಕ್ರಾಸ್ ಸ್ಟ್ರೀಟ್’ ಎಂದೂ ತಮಿಳಿನಲ್ಲಿ ‘ಕುರುಕ್ಕುತ್ ತೆರು’ ಎಂದೂ ಎರಡು ಪದಗಳು ನಿಂತಿವೆ. ನಾಮಪದವಾದ ಮೇಲೆ ‘ಕ್ರಾಸ್’ ಕನ್ನಡದ ಪ್ರತ್ಯಯಗಳನ್ನು ಧಾರಾಳವಾಗಿ ಪಡೆಯಿತು: ಕ್ರಾಸಿನಲ್ಲಿ, ಕ್ರಾಸಿಗೆ, ಕ್ರಾಸುಗಳು. ‘ಬಸ್’ ಎಂಬುದು ‘ಬಸ್ಸು’ ಆದಂತೆ ಇದು ‘ಕ್ರಾಸ್ಸು’ ಆಗಲಿಲ್ಲ. ಹ್ರಸ್ವಸ್ವರದ ಮುಂದೆ ವ್ಯಂಜನಕ್ಕೆ ದ್ವಿತ್ವ ಬರುತ್ತದೆ, ದೀರ್ಘದ ಮುಂದೆ ಬರುವುದಿಲ್ಲ. ‘ಕಾರು’, ‘ರೋಡು’ ಎಂಬಲ್ಲಿಯೂ ಇದೇ ನಿಯಮ. ಇಂಗ್ಲಿಷಿನ ಹ್ರಸ್ವವು ನಮ್ಮಲ್ಲಿ ದೀರ್ಘವಾಗಿ ನಿಂತದ್ದರಿಂದ ಶಬ್ದದ ಮುಂದಿನ ನಡತೆಯನ್ನೆಲ್ಲ ಕನ್ನಡವೇ ನಿರ್ಧರಿಸಿತು.

ಅರ್ಥವೂ ಅಲ್ಲಿಗೆ ನಿಲ್ಲಲಿಲ್ಲ. ‘ನಮ್ಮ ಕ್ರಾಸಿನಲ್ಲಿ ಹತ್ತು ಮನೆಗಳಿವೆ’ ಎಂದು ಹೇಳುವವರು ಎರಡು ದಾರಿಗಳು ಕೂಡುವ ಜಾಗವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ತಾವು ಬಾಳುವ ಬೀದಿಯನ್ನು ಹೇಳುತ್ತಿದ್ದಾರೆ. ಒಂದು ತುದಿ ಮುಚ್ಚಿಹೋಗಿ ಯಾವುದನ್ನೂ ಹಾಯದ ಬೀದಿಗೂ ‘ಕ್ರಾಸ್’ ಎಂದೇ ಹೆಸರು. ಹಾಯದಿರುವುದನ್ನೂ ಹಾಯುವುದೆಂದು ಕರೆಯುವಾಗ ಮೂಲದ ಅರ್ಥವು ಪೂರ್ತಿಯಾಗಿ ಅಳಿಸಿಹೋಗಿದೆ ಎಂದಾಯಿತು. ಇದು ಇಂಗ್ಲಿಷಿನ ಅರ್ಥವಲ್ಲ. ಇಲ್ಲಿ ಹುಟ್ಟಿದ ಅರ್ಥ.

4

ಎರಡನೆಯದು ಹೆದ್ದಾರಿಯ ‘ಕ್ರಾಸ್’. ಹೆಬ್ಬಾಳದಿಂದ ಯಲಹಂಕದ ಮೇಲೆ ದೇವನಹಳ್ಳಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕೋಗಿಲು ಕ್ರಾಸ್, ಬಾಗಲೂರು ಕ್ರಾಸ್ ಎಂಬ ಸ್ಥಳಗಳಿವೆ. ತುಮಕೂರು ರಸ್ತೆಯಲ್ಲಿ ಜಾಲಹಳ್ಳಿ ಕ್ರಾಸ್ ಇದೆ. ಇಲ್ಲಿ ‘ಕ್ರಾಸ್’ ಎಂದರೆ ಬೀದಿಯಲ್ಲ. ಹೆದ್ದಾರಿಯಿಂದ ಹಳ್ಳಿಯ ದಾರಿ ಕವಲೊಡೆಯುವ ಜಾಗ. ಬಾಗಲೂರು ಕ್ರಾಸ್ ಇರುವುದು ಬಾಗಲೂರಿನಲ್ಲಿ ಅಲ್ಲ. ಬಾಗಲೂರಿಗೆ ಹೋಗುವವರು ತಿರುಗಬೇಕಾದಲ್ಲಿ. ಆದ್ದರಿಂದ ಈ ಸಮಾಸವನ್ನು ‘ಬಾಗಲೂರಿನ ಕ್ರಾಸ್’ ಎಂದು ಷಷ್ಠಿಯಲ್ಲಿ ಬಿಡಿಸಿದರೆ ಅರ್ಥ ಕೆಡುತ್ತದೆ. ‘ಬಾಗಲೂರಿಗೆ ಕ್ರಾಸ್’ ಎಂದು ಚತುರ್ಥಿಯಲ್ಲಿ ಬಿಡಿಸಿದರೆ ಮಾತ್ರ ಹೊಂದುತ್ತದೆ. ಸಂಖ್ಯೆಯ ಕ್ರಾಸಿನಲ್ಲಿ ಮನೆಯಿರುತ್ತದೆ. ಊರಿನ ಹೆಸರಿನ ಕ್ರಾಸಿನಲ್ಲಿ ಬಸ್ಸು ನಿಲ್ಲುತ್ತದೆ. ಒಂದೇ ಶಬ್ದ, ಒಂದೇ ನಗರ. ಆದರೆ ಅದರ ಹಿಂದಿನ ಪದ ಸಂಖ್ಯೆಯೋ ಊರೋ ಎಂಬುದರ ಮೇಲೆ ಅರ್ಥ ನಿರ್ಣಯವಾಗುತ್ತದೆ. ಕನ್ನಡಿಗರು ಇದರಲ್ಲಿ ಎಡವುವುದಿಲ್ಲ, ನಿಘಂಟು ಎಡವುತ್ತದೆ.

ಈ ಹೆಸರಿಡುವ ಕ್ರಮ ಇಂಗ್ಲಿಷಿನಿಂದ ಬಂದದ್ದೆಂದು ಭಾವಿಸುವುದು ಸುಲಭ. ಆದರೆ ಅದು ಸರಿಯಲ್ಲ. ಹಳೆಯ ಬೆಂಗಳೂರು ಪೇಟೆಯ ಉತ್ತರದ ಬಾಗಿಲಿಗೆ ಯಲಹಂಕ ಬಾಗಿಲೆಂದು ಹೆಸರಿತ್ತು. ಆ ಬಾಗಿಲು ಯಲಹಂಕದಲ್ಲಿ ಇರಲಿಲ್ಲ. ಯಲಹಂಕಕ್ಕೆ ಹೋಗುವವರು ಹೊರಡುವಲ್ಲಿ ಇತ್ತು. ಹಲಸೂರು ಬಾಗಿಲಿನ ವಿಚಾರವೂ ಹಾಗೆಯೇ. ಸೇರಬೇಕಾದ ಊರಿನ ಹೆಸರನ್ನು ಹೊರಡುವ ಜಾಗಕ್ಕೆ ಇಡುವುದು ನಮ್ಮ ಹಳೆಯ ಪದ್ಧತಿ. ಕೋಟೆಯ ಕಾಲದಲ್ಲಿ ‘ಬಾಗಿಲು’ ಮಾಡುತ್ತಿದ್ದ ಕೆಲಸವನ್ನು ಮೋಟಾರಿನ ಕಾಲದಲ್ಲಿ ‘ಕ್ರಾಸ್’ ಮಾಡುತ್ತಿದೆ. ಶಬ್ದ ಹೊರಗಿನದು, ಹೆಸರಿಡುವ ಬುದ್ಧಿ ಒಳಗಿನದು.

ಇಂಥ ಜಾಗಕ್ಕೆ ಕನ್ನಡದಲ್ಲಿ ಹೆಸರೇ ಇರಲಿಲ್ಲವೆ ಎಂದು ಕೇಳಬಹುದು. ಇತ್ತು, ಒಂದಲ್ಲ, ಕೆಲವಿದ್ದುವು. ದಾರಿಗಳು ಕವಲೊಡೆಯುವಲ್ಲಿ ನೆಟ್ಟ ದಿಕ್ಕು ತೋರುವ ಕಂಬಕ್ಕೆ ‘ಕೈಮರ’ ಎಂದು ಹೆಸರು. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಅದೇ ಒಂದು ಸ್ಥಳದ ಹೆಸರಾಗಿ ನಿಂತಿದೆ. ಹೆಗ್ಗಡದೇವನಕೋಟೆಯಲ್ಲಿಯೂ ಮೂಡಿಗೆರೆಯ ಬಳಿಯಲ್ಲಿಯೂ ಅದೇ ಕಂಬದ ಇಂಗ್ಲಿಷ್ ಹೆಸರು ‘ಹ್ಯಾಂಡ್‌ಪೋಸ್ಟ್’ ಎಂದು ಉಳಿದುಕೊಂಡಿದೆ. ಕೈಮರವು ಚೆಲುವಾದ ಶಬ್ದ; ಕೈಚಾಚಿ ದಾರಿ ತೋರುವ ಮರವೆಂಬ ಚಿತ್ರ ಅದರೊಳಗೆ ಇದೆ. ಆದರೆ ಅದು ಕಂಬವನ್ನು ಹೇಳಿತೇ ಹೊರತು ಕೂಡುವ ಜಾಗವನ್ನಲ್ಲ. ಕಂಬ ಬಿದ್ದಲ್ಲಿ ಶಬ್ದವೂ ಸಡಿಲವಾಯಿತು. ‘ಕ್ರಾಸ್’ ಎಂಬುದು ಜಾಗವನ್ನೇ ಹೇಳಿದ್ದರಿಂದ ಕಂಬವಿದ್ದರೂ ಇಲ್ಲದಿದ್ದರೂ ಬಾಳಿತು. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನನಿಲ್ದಾಣ ಆರಂಭವಾದ ನಂತರದ ವರ್ಷಗಳಲ್ಲಿ ಆ ಹೆದ್ದಾರಿಗೆ ಮೇಲ್ರಸ್ತೆ ಬಂದು, ವಾಹನಗಳು ಕೋಗಿಲು ಕ್ರಾಸನ್ನು ಮುಟ್ಟದೆಯೇ ಮೇಲಿಂದ ಹಾಯುತ್ತವೆ. ಆದರೂ ಹೆಸರು ಅಲ್ಲಾಡಿಲ್ಲ. ಒಂದು ಸಂಬಂಧವನ್ನು ಸೂಚಿಸುತ್ತಿದ್ದ ಮಾತು ಒಂದು ಊರಿನ ಹೆಸರಾಗಿ ಗಟ್ಟಿಗೊಂಡಿರುವುದಕ್ಕೆ ಇದು ನಿದರ್ಶನ.

5

ಈಗ ‘ಅಡ್ಡರಸ್ತೆ’ಯ ವಿಚಾರಕ್ಕೆ ಬರೋಣ. ನಗರದ ಬೀದಿಫಲಕಗಳಲ್ಲಿ ‘5ನೇ ಅಡ್ಡರಸ್ತೆ’, ‘1ನೇ ಮುಖ್ಯರಸ್ತೆ’ ಎಂಬ ಬರಹಗಳು ಸಾಮಾನ್ಯ. ಮೊದಲನೆಯ ಅರ್ಥಕ್ಕೆ ಇದು ನಿರ್ದುಷ್ಟವಾದ ಅನುವಾದ. ಆದರೂ ಅದು ಫಲಕದಿಂದ ಬಾಯಿಗೆ ಇಳಿದಿಲ್ಲವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಇದಕ್ಕೆ ಜನರ ಅಭಿಮಾನಶೂನ್ಯತೆಯೇ ಕಾರಣವೆಂದು ಹೇಳಿಬಿಡುವುದು ವಿಮರ್ಶೆಯಾಗಲಾರದು. ಕಾರಣಗಳು ಭಾಷೆಯೊಳಗೇ ಇವೆ.

‘ಅಡ್ಡ’ ಎಂಬುದು ಕನ್ನಡದ ಅತ್ಯಂತ ಸಮೃದ್ಧವಾದ ಶಬ್ದಗಳಲ್ಲಿ ಒಂದು. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ಅವರ ನಿಘಂಟಿನಲ್ಲಿ ಅದರಿಂದಾದ ಸಮಾಸಗಳನ್ನು ನೋಡಿದವರಿಗೆ ಅದರ ಹರಹು ತಿಳಿಯುತ್ತದೆ. ಹಿರಿಯರಿಗೆ ಅಡ್ಡಬೀಳುವುದು ಗೌರವ. ಅಡ್ಡಪಲ್ಲಕ್ಕಿ ಜಗದ್ಗುರುಗಳಿಗೆ ಸಲ್ಲುವ ಮರ್ಯಾದೆ. ಆದರೆ ಅಡ್ಡಗಟ್ಟುವುದು ತಡೆ, ಅಡ್ಡಬಾಯಿ ಹಾಕುವುದು ಅವಿನಯ, ಅಡ್ಡಕಸುಬಿ ಎಂದರೆ ಕೆಲಸ ಬಾರದವನು, ಅಡ್ಡದಾರಿ ಹಿಡಿದವನೆಂದರೆ ಕೆಟ್ಟವನು. ಇಂಗ್ಲಿಷಿನಲ್ಲಿ ‘ಕ್ರಾಸ್’ ಎಂಬುದು ಅಡ್ಡದಿಂದ ವಿರೋಧಕ್ಕೆ ಹೋದ ದಾರಿಯಲ್ಲಿಯೇ ಕನ್ನಡದ ‘ಅಡ್ಡ’ವೂ ಸ್ವತಂತ್ರವಾಗಿ ನಡೆದಿದೆ ಎಂಬುದು ಅರ್ಥವಿಕಾಸದ ಅಭ್ಯಾಸಿಗಳಿಗೆ ಮನೋಹರವಾದ ವಿಷಯ. ಇಷ್ಟೊಂದು ಹೊರೆಯನ್ನು ಹೊತ್ತ ಶಬ್ದವನ್ನು ದಿನದ ವಿಳಾಸಕ್ಕೆ ಹೂಡಿದಾಗ ಅದು ಒಂಟಿಯಾಗಿ ನಿಲ್ಲಲಾರದು. ‘ಐದನೆಯ ಅಡ್ಡ’ ಎಂದರೆ ಅರ್ಥವಾಗುವುದಿಲ್ಲ, ‘ರಸ್ತೆ’ ಸೇರಲೇಬೇಕು. ‘ಕ್ರಾಸ್’ಗೆ ಈ ಹೊರೆಯಿಲ್ಲ, ಅದು ಬರಿಗೈಯಲ್ಲಿ ಬಂದದ್ದರಿಂದ ಚುರುಕಾಗಿ ನಡೆಯಿತು.

ಶುದ್ಧಿಯ ವಾದವೂ ಇಲ್ಲಿ ಬಹಳ ದೂರ ಸಾಗುವುದಿಲ್ಲ. ‘ರಸ್ತೆ’ ಪಾರಸಿಯಿಂದ ಬಂದ ಶಬ್ದ, ‘ಮುಖ್ಯ’ ಸಂಸ್ಕೃತ. ಹಾಗಾದರೆ ‘ಮುಖ್ಯರಸ್ತೆ’ಯಲ್ಲಿ ಅಚ್ಚಗನ್ನಡದ ಅಂಶವೇ ಇಲ್ಲ, ‘ಅಡ್ಡರಸ್ತೆ’ಯಲ್ಲಿ ಅರ್ಧ ಇದೆ. ಹೊಸ ವೈಯಾಕರಣರ ವಿಶಾಲಾರ್ಥದಲ್ಲಿ ಅದು ಅರಿಸಮಾಸ. ಹದಿಮೂರನೆಯ ಶತಮಾನದ ಕೇಶಿರಾಜನು ಕನ್ನಡ ಸಂಸ್ಕೃತಗಳ ಬೆರಕೆಯನ್ನು ದೋಷವೆಂದರೂ ಬಿರುದಾವಳಿಗಳಲ್ಲಿಯೂ ಪೂರ್ವಕವಿಗಳ ಪ್ರಯೋಗಗಳಲ್ಲಿಯೂ ಬಂದುದನ್ನು ಒಪ್ಪಿಕೊಂಡನು. ರೂಢಿಯ ಮುಂದೆ ಸೂತ್ರವನ್ನು ಸಡಲಿಸುವುದು ಶಾಸ್ತ್ರಕಾರನ ಸೋಲಲ್ಲ, ವಿವೇಕ. ‘ರಸ್ತೆ’ಯನ್ನು ಕನ್ನಡವೆಂದು ಒಪ್ಪಿದ ನಾವು ‘ಕ್ರಾಸ್’ ಅನ್ನು ಮಾತ್ರ ಬಾಗಿಲಲ್ಲಿ ತಡೆಯುವುದಕ್ಕೆ ಕಾಲದ ಅಂತರವೊಂದನ್ನು ಬಿಟ್ಟರೆ ಬೇರೆ ಕಾರಣ ಕಾಣುವುದಿಲ್ಲ.

ಇನ್ನು ಎರಡನೆಯ ಅರ್ಥದಲ್ಲಿ ‘ಅಡ್ಡರಸ್ತೆ’ ಸೋಲುತ್ತದೆ. ‘ಬಾಗಲೂರು ಅಡ್ಡರಸ್ತೆ’ ಎಂದರೆ ಬಾಗಲೂರಿನ ಒಳಗಿನ ಒಂದು ಬೀದಿಯೆಂದು ತೋರುತ್ತದೆ. ಪ್ರಯಾಣಿಕನು ದಾರಿ ತಪ್ಪುತ್ತಾನೆ. ಅಲ್ಲಿ ‘ಕೂಡುದಾರಿ’ಯೋ ‘ಕವಲು’ ಎಂಬುದೋ ಅರ್ಥಕ್ಕೆ ಹತ್ತಿರ. ಒಂದೇ ಇಂಗ್ಲಿಷ್ ಶಬ್ದಕ್ಕೆ ಎಲ್ಲೆಡೆಯೂ ಒಂದೇ ಕನ್ನಡ ಶಬ್ದವನ್ನು ಹಚ್ಚಬೇಕೆಂಬ ಆಡಳಿತದ ಹಟವೇ ಈ ತೊಡಕಿಗೆ ಮೂಲ. ಅಂಗಡಿ ಮುಂಗಟ್ಟುಗಳ ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು 2024ರ ತಿದ್ದುಪಡಿಯಿಂದ ವಿಧಿಯಾಗಿದೆ, ಅದು ನ್ಯಾಯವಾದದ್ದು. ಆದರೆ ವಿಧಿಯು ಅಳೆಯಬಲ್ಲದ್ದು ಫಲಕದ ಮೇಲಿನ ಎಡೆಯನ್ನು, ಅರ್ಥವನ್ನಲ್ಲ. ಅರ್ಥವನ್ನು ಅಳೆಯುವ ಹೊಣೆ ನಮ್ಮಂಥ ವಿಭಾಗಗಳದು.

6

ಇಷ್ಟು ಹೇಳಿದುದರಿಂದ ‘ಕ್ರಾಸ್’ ಬಂದ ಕಡೆಯೆಲ್ಲ ಅದಕ್ಕೆ ಮಣೆ ಹಾಕಬೇಕೆಂಬುದು ನಮ್ಮ ಅಭಿಪ್ರಾಯವೆಂದು ತಿಳಿಯಬಾರದು. ಉಳಿದ ಪ್ರಯೋಗಗಳನ್ನು ಒಂದೊಂದಾಗಿ ನೋಡಿದರೆ ತೀರ್ಪು ಬೇರೆಯಾಗುತ್ತದೆ.

ನ್ಯಾಯಾಲಯದಲ್ಲಿ ಎದುರು ಪಕ್ಷದವರು ಸಾಕ್ಷಿಯನ್ನು ಪ್ರಶ್ನಿಸುವುದಕ್ಕೆ ‘ಪಾಟೀಸವಾಲು’ ಎಂಬ ನೆಲೆಗೊಂಡ ಶಬ್ದವಿದೆ. ಅದೂ ಎರವಲೇ, ಆದರೆ ಕಥೆ, ಪತ್ರಿಕೆ, ಮನೆಮಾತುಗಳಲ್ಲಿ ಚೆನ್ನಾಗಿ ಬದುಕಿದೆ. ಅದನ್ನು ಬಿಟ್ಟು ‘ಕ್ರಾಸ್ ಮಾಡಿದರು’ ಎನ್ನುವುದರಿಂದ ಲಾಭವಿಲ್ಲ. ದನಕರುಗಳ ವಿಷಯದಲ್ಲಿ ಹಳ್ಳಿಯವರು ‘ಕ್ರಾಸ್ ಹಸು’ ಎನ್ನುತ್ತಾರೆ. 1958ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಪಶುವೈದ್ಯ ಕಾಲೇಜಿನಂಥ ಸಂಸ್ಥೆಗಳ ಶಾಸ್ತ್ರಭಾಷೆಗೆ ‘ಮಿಶ್ರತಳಿ’ ಒದಗಿದೆ. ‘ಸಂಕರ’ ಎಂಬ ಶಬ್ದವೂ ಇತ್ತು. ಆದರೆ ವರ್ಣಸಂಕರವೆಂಬ ಹಳೆಯ ನಿಂದೆಯ ನೆರಳು ಅದರ ಮೇಲಿದೆ. ಹಾಲು ಹೆಚ್ಚು ಕೊಡುವ ಹಸುವಿಗೆ ಆ ನೆರಳು ಸಲ್ಲದೆಂದು ಭಾಷೆಯೇ ‘ಮಿಶ್ರ’ವನ್ನು ಮುಂದೆ ತಂದಂತೆ ಕಾಣುತ್ತದೆ. ಬ್ಯಾಂಕಿನ ‘ಕ್ರಾಸ್ ಮಾಡಿದ ಚೆಕ್ಕು’ ಇನ್ನೊಂದು ಬಗೆ. 1881ರ ವರ್ಗಾವಣೀಯ ಪತ್ರಗಳ ಕಾಯಿದೆಯಂತೆ ಅದು ಚೆಕ್ಕಿನ ಮೇಲೆ ಅಡ್ಡಲಾಗಿ ಎಳೆದ ಎರಡು ಸಮಾಂತರ ಗೆರೆಗಳು. ಗೆರೆಗಳು ಒಂದನ್ನೊಂದು ಕತ್ತರಿಸುವುದಿಲ್ಲ. ಇಂಗ್ಲಿಷ್ ಶಬ್ದವನ್ನು ನೆಚ್ಚಿ ಗುಣಾಕಾರದ ಗುರುತು ಹಾಕಿದರೆ ಕೆಲಸ ಕೆಡುತ್ತದೆ. ‘ಅಡ್ಡಗೆರೆ ಎಳೆದ ಚೆಕ್ಕು’ ಎಂದರೆ ಮಾತೇ ವಿಧಾನವನ್ನೂ ಕಲಿಸುತ್ತದೆ. ಇಲ್ಲಿ ‘ಅಡ್ಡ’ವು ಗೆಲ್ಲತಕ್ಕದ್ದು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಕ್ರಿಯಾಪದದಲ್ಲಿ. ‘ರಸ್ತೆ ಕ್ರಾಸ್ ಮಾಡಿದ’, ‘ಬಸ್ಸು ಹೆಬ್ಬಾಳ ಕ್ರಾಸ್ ಆಯಿತು’, ‘ಲಿಮಿಟ್ ಕ್ರಾಸ್ ಮಾಡಬೇಡ’ ಎಂಬ ಮಾತುಗಳು ನಿತ್ಯದ ಬಳಕೆಯಲ್ಲಿವೆ. ‘ಮಾಡು’, ‘ಆಗು’ ಎಂಬೆರಡು ಧಾತುಗಳ ನೆರವಿನಿಂದ ಇಂಗ್ಲಿಷಿನ ಯಾವ ಕ್ರಿಯೆಯನ್ನಾದರೂ ಕನ್ನಡಕ್ಕೆ ತರಬಹುದು. ಸಕರ್ಮಕಕ್ಕೆ ಒಂದು, ಅಕರ್ಮಕಕ್ಕೆ ಒಂದು. ಈ ಸೌಲಭ್ಯವೇ ಅಪಾಯ. ನಾಮಪದವಾದ ‘ಕ್ರಾಸ್’ ಹೊಸ ವಸ್ತುವಿನೊಡನೆ ಬಂದಿತು. ಅದರಿಂದ ಯಾವ ಕನ್ನಡ ಶಬ್ದವೂ ಸ್ಥಾನ ಕಳೆದುಕೊಳ್ಳಲಿಲ್ಲ. ‘ಕ್ರಾಸ್ ಮಾಡು’ ಎಂಬುದಾದರೋ ‘ದಾಟು’, ‘ಹಾಯು’, ‘ಮೀರು’ ಎಂಬ ಮೂರು ಶಬ್ದಗಳ ಎಡೆಯನ್ನು ಆಕ್ರಮಿಸುತ್ತಿದೆ. ಹೊಳೆಯನ್ನು ದಾಟುತ್ತೇವೆ, ಕಾಡನ್ನು ಹಾಯುತ್ತೇವೆ, ಮಿತಿಯನ್ನು ಮೀರುತ್ತೇವೆ. ದಾಟುವುದರಲ್ಲಿ ಆಚೆಯ ದಡವಿದೆ. ಹಾಯುವುದರಲ್ಲಿ ನಡುವಿನ ಹಾದಿಯಿದೆ. ಮೀರುವುದರಲ್ಲಿ ಉಲ್ಲಂಘನೆಯ ಭಾವವಿದೆ. ಮೂರಕ್ಕೂ ‘ಕ್ರಾಸ್ ಮಾಡು’ ಎಂದಾಗ ಈ ಭೇದಗಳು ಅಳಿಸಿಹೋಗುತ್ತವೆ. ಇಂಗ್ಲಿಷಿನಲ್ಲಿ ‘ರೂಡ್’ ಶಬ್ದಕ್ಕೆ ಒದಗಿದ ಗತಿಯನ್ನು ನೆನೆಯಬೇಕಾದದ್ದು ಇಲ್ಲಿ, ಬೀದಿಯ ಫಲಕದ ಮುಂದೆ ಅಲ್ಲ.

7

ನಮ್ಮ ವಿವೇಚನೆಯಿಂದ ಹೊರಡುವ ಸೂತ್ರ ಸರಳವಾದದ್ದು. ಎರವಲು ಶಬ್ದವೊಂದು ಬಂದಾಗ ಕೇಳತಕ್ಕ ಪ್ರಶ್ನೆಗಳು ಮೂರು: ಅದು ಹೊಸ ಅರ್ಥವನ್ನು ತಂದಿತೆ? ಕನ್ನಡದ ಪ್ರತ್ಯಯಗಳಿಗೂ ಹೆಸರಿಡುವ ಪದ್ಧತಿಗೂ ಒಗ್ಗಿತೆ? ಬದುಕಿರುವ ಶಬ್ದಗಳ ಭೇದವನ್ನು ಅಳಿಸಿತೆ? ಸ್ಥಳವಾಚಕವಾದ ‘ಕ್ರಾಸ್’ ಮೊದಲೆರಡು ಪ್ರಶ್ನೆಗಳಿಗೆ ಹೌದೆಂದೂ ಮೂರನೆಯದಕ್ಕೆ ಇಲ್ಲವೆಂದೂ ಉತ್ತರ ಕೊಡುತ್ತದೆ. ಅದನ್ನು ಕನ್ನಡ ನಿಘಂಟಿನಲ್ಲಿ, ಎರಡು ಅರ್ಥಗಳನ್ನು ಪ್ರತ್ಯೇಕಿಸಿ, ಪ್ರಯೋಗಸಹಿತವಾಗಿ ಸೇರಿಸುವುದು ಯುಕ್ತ. ಕ್ರಿಯಾವಾಚಕವಾದ ‘ಕ್ರಾಸ್ ಮಾಡು’ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಆದ್ದರಿಂದ ಅಧ್ಯಾಪಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ‘ಜಾಲಹಳ್ಳಿ ಕ್ರಾಸಿನಲ್ಲಿ ಇಳಿದೆ’ ಎಂದು ವಿದ್ಯಾರ್ಥಿ ಬರೆದರೆ ಅದನ್ನು ಹಾಗೆಯೇ ಬಿಡಬಹುದು. ಅದು ಸರಿಯಾದ ಕನ್ನಡ. ‘ಅಲ್ಲಿ ರಸ್ತೆ ಕ್ರಾಸ್ ಮಾಡಿದೆ’ ಎಂದು ಬರೆದರೆ ‘ದಾಟಿದೆ’ ಎಂದು ತಿದ್ದಬೇಕು. ತಿದ್ದುವಾಗ ಏಕೆಂಬುದನ್ನೂ ಹೇಳಬೇಕು.